ಮೆನು ಕಾರ್ಡು ಬರೆಯುವವರು ಯಾರು?

ಚುನಾವಣೆ ಎಂದರೆ ಮತದಾನದ ದಿನ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ಚುನಾವಣೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ಯಾರಿಗೆ ಟಿಕೆಟ್, ಯಾರ ಕೈಗೆ ಬಿ ಫಾರಂ ಎಂಬುದು ತೀರ್ಮಾನವಾದ ಮೇಲೆ ಗೆಲ್ಲುವ ಸಾಧ್ಯತೆ ಇರುವ ಎರಡು ಮೂರು ಹೆಸರುಗಳಷ್ಟೇ ನಮ್ಮ ಮುಂದೆ ಉಳಿಯುತ್ತವೆ. ಆ ಹೆಸರುಗಳನ್ನು ಬರೆದವರು ನಾವಲ್ಲ.

ಈ ಯೋಚನೆ ಬಂದದ್ದು ಪಿಜ್ಜಾ ತಿನ್ನುವಾಗ. ಕಿರುಪರೀಕ್ಷೆ ಮುಗಿದಿತ್ತು, ಬನವಾಸಿ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾವು ನಾಲ್ವರು ಗೆಳತಿಯರು ಶಿರಸಿಯ ಒಂದು ಅಂಗಡಿಗೆ ಹೋದೆವು. ಬನ್ನಿನಷ್ಟು ದಪ್ಪ ರೊಟ್ಟಿ, ಅದರ ಮೇಲೆ ಸಿಹಿ ಸಾಸು, ರಬ್ಬರಿನಂಥ ಚೀಸು, ಬೇಯದ ಈರುಳ್ಳಿ. ಒಬ್ಬಳು ಪನೀರಿನದು ಹೇಳಿದ್ದಳು, ಇನ್ನೊಬ್ಬಳು ಜೋಳದ್ದು. ಮೇಲಿನದು ಬೇರೆ ಬೇರೆ, ಕೆಳಗಿನ ರೊಟ್ಟಿ ಒಂದೇ. ಅದನ್ನು ಅಗಿಯುತ್ತಲೇ ಮಾತು 2028ರ ವಿಧಾನಸಭೆ ಚುನಾವಣೆಯ ಕಡೆ ತಿರುಗಿತು. ಆಗ ನಮ್ಮೆಲ್ಲರಿಗೂ ಓಟು ಇರುತ್ತದೆ.

"ಟಿಕೆಟ್ ಯಾರಿಗೆ ಸಿಗಬಹುದು?" ಎಂದಳು ಒಬ್ಬಳು.

"ಅದೆಲ್ಲ ಬೆಂಗಳೂರು, ದಿಲ್ಲಿಯಲ್ಲಿ ತೀರ್ಮಾನ ಆಗ್ತದೆ ಮಾರಾಯ್ತಿ. ನಮ್ಮನ್ನ ಯಾರು ಕೇಳ್ತಾರೆ?"

"ಕೇಳದಿದ್ರೆ ಎಂತಾಯ್ತು? ಕೊನೆಗೆ ಆರಿಸೋದು ನಾವೇ ಅಲ್ವಾ?"

"ಹೌದೌದು, ಈ ಪಿಜ್ಜಾ ಆರಿಸಿದ ಹಾಗೆ!"

ಎಲ್ಲರೂ ನಕ್ಕೆವು. ಆದರೆ ಕಾಮರ್ಸ್ ಓದುವವಳಾಗಿ ನನಗೆ ಒಂದು ವ್ಯತ್ಯಾಸ ಕಂಡಿತು. ಪಿಜ್ಜಾ ಚೆನ್ನಾಗಿಲ್ಲದಿದ್ದರೆ ನಾಳೆ ಬೇರೆ ಅಂಗಡಿಗೆ ಹೋಗಬಹುದು, ಇಲ್ಲವೇ ಎರಡು ಬನ್ಸ್ ತಿಂದು ಚಹಾ ಕುಡಿಯಬಹುದು. ಗಿರಾಕಿ ಬರದಿದ್ದರೆ ಅಂಗಡಿಯವರೇ ಮೆನು ಬದಲಿಸುತ್ತಾರೆ. ಚುನಾವಣೆಯಲ್ಲಿ ಐದು ವರ್ಷ ಬೇರೆ ಅಂಗಡಿ ಇಲ್ಲ. 2013ರಿಂದ ಮತಯಂತ್ರದಲ್ಲಿ ನೋಟಾ ಗುಂಡಿ ಇದೆ, ನಿಜ. ಆದರೆ ವಿಧಾನಸಭೆ ಚುನಾವಣೆಯಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ.

ಮನೆಯಲ್ಲಿ ಅಬ್ಬಾನನ್ನು ಕೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದರ ಅರ್ಥ ಇಷ್ಟು: "ಬೇಟಿ, ಓಟು ಕೊಡಿ ಎಂದು ಎಲ್ಲ ಪಕ್ಷದವರೂ ಬಾಗಿಲಿಗೆ ಬಂದಿದ್ದಾರೆ. ಯಾರನ್ನು ನಿಲ್ಲಿಸೋಣ ಎಂದು ಕೇಳಲು ಇವತ್ತಿನವರೆಗೆ ಒಬ್ಬರೂ ಬಂದಿಲ್ಲ."

ಅಮೆರಿಕದಲ್ಲಿ ಹೀಗೆ ಕೇಳುವುದಕ್ಕೇ ಒಂದು ಚುನಾವಣೆ ಇದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಆಯಾ ರಾಜ್ಯದ ಮತದಾರರೇ ಮೊದಲು ಮತ ಹಾಕಿ ಹೇಳುತ್ತಾರೆ. ನನಗೆ ಅತಿ ಹೆಚ್ಚು ಆಶ್ಚರ್ಯವಾದ ಸಂಗತಿ ಬೇರೆ. ಮುಖ್ಯ ಚುನಾವಣೆಯ ಹೊತ್ತಿಗೆ 18 ತುಂಬುವುದಾದರೆ, ಅಲ್ಲಿನ ಹಲವು ರಾಜ್ಯಗಳಲ್ಲಿ 17 ವರ್ಷದವರೂ ಪ್ರೈಮರಿಯಲ್ಲಿ ಮತ ಹಾಕಬಹುದು. ಅಂದರೆ ನಮ್ಮ ವಯಸ್ಸಿನವರು!

ಇದು ನಮ್ಮ ದೇಶಕ್ಕೆ ತೀರ ಹೊಸದಲ್ಲ. 2014ರ ಲೋಕಸಭೆ ಚುನಾವಣೆಗೆ ಮೊದಲು ಕಾಂಗ್ರೆಸ್ ಪಕ್ಷ ಕೆಲವೇ ಕ್ಷೇತ್ರಗಳಲ್ಲಿ ಇಂಥ ಪ್ರಯೋಗ ಮಾಡಿತ್ತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಆ ಪಟ್ಟಿಯಲ್ಲಿದ್ದವು. ಮತ ಹಾಕಿದವರು ಸಾಮಾನ್ಯ ಜನರಲ್ಲ, ಪಕ್ಷದವರು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಹೀಗೆ ಆಯ್ಕೆಯಾದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು.

"ನೋಡಿ, ಪ್ರಯೋಜನವಾಗಲಿಲ್ಲ" ಎಂದು ಕೆಲವರು ಹೇಳಬಹುದು. ಪ್ರೈಮರಿ ಇದ್ದರೆ ಹಣದ ಖರ್ಚು ಎರಡು ಪಟ್ಟು, ಒಳಜಗಳ ಬೀದಿಗೆ ಬರುತ್ತದೆ ಎಂಬ ಮಾತೂ ಇದೆ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಲಿನವರು ಕೊಟ್ಟ ಟಿಕೆಟ್ ಎಲ್ಲವೂ ಗೆದ್ದಿವೆಯೇ? 2023ರ ವಿಧಾನಸಭೆ ಚುನಾವಣೆಯಲ್ಲಿ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ ಅವರಿಗೆ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ. ಅವರು ಪಕ್ಷೇತರರಾಗಿ ನಿಂತು ಗೆದ್ದರು. ಜನರ ಮನಸ್ಸಿನಲ್ಲಿದ್ದ ಹೆಸರು ಪಟ್ಟಿ ಬರೆದವರಿಗೆ ಕಾಣಲಿಲ್ಲ. ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಅಂಥ ಹಿನ್ನೆಲೆ ಇಲ್ಲದ ಹೆಣ್ಣುಮಗಳಿಗೆ ಹೀಗೆ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು?

ಅದೇ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ ಮಾತ್ರ. ಮತದಾರರಲ್ಲಿ ನಾವು ಸುಮಾರು ಅರ್ಧ. ಹೆಂಗಸರು ಹೆಂಗಸರಿಗೆ ಓಟು ಹಾಕುವುದಿಲ್ಲ ಎಂದು ದೂರುವ ಮೊದಲು, ಎಷ್ಟು ಕ್ಷೇತ್ರಗಳಲ್ಲಿ ದೊಡ್ಡ ಪಕ್ಷಗಳು ಮಹಿಳೆಯರಿಗೆ ಟಿಕೆಟ್ ಕೊಟ್ಟಿದ್ದವು ಎಂದು ಎಣಿಸಿ ನೋಡಬೇಕು. ಮೆನುವಿನಲ್ಲಿ ಇಲ್ಲದ್ದನ್ನು ಯಾರೂ ತರಿಸಿಕೊಳ್ಳಲಾರರು. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡಲು ಸಂಸತ್ತು 2023ರಲ್ಲೇ ಸಂವಿಧಾನ ತಿದ್ದುಪಡಿ ಮಾಡಿತು. ಅದು ಜಾರಿಗೆ ಬಂದಾಗಲೂ, ಯಾವ ಮಹಿಳೆ ಎಂಬುದನ್ನು ಬಿ ಫಾರಂ ಬರೆಯುವವರೇ ತೀರ್ಮಾನಿಸುತ್ತಾರೆ.

ಹಾಗಾಗಿ ನಾಳೆಯೇ ಅಮೆರಿಕದ ಪದ್ಧತಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಚಿಕ್ಕದೊಂದು ಬೇಡಿಕೆ ಇಡುತ್ತೇನೆ. ಟಿಕೆಟ್ ಕೇಳಿ ಯಾರು ಯಾರು ಅರ್ಜಿ ಹಾಕಿದ್ದರು, ಅವರಲ್ಲಿ ಒಬ್ಬರನ್ನು ಏಕೆ ಆರಿಸಿದರು ಎಂದು ಪ್ರತಿ ಪಕ್ಷ ಕ್ಷೇತ್ರದ ಜನರಿಗೆ ತಿಳಿಸಲಿ. ತನ್ನ ಸದಸ್ಯರಿಂದಲಾದರೂ ಮತ ಪಡೆಯಲಿ. ಕಂಪನಿಯ ನಿರ್ದೇಶಕರನ್ನು ಷೇರುದಾರರು ಆರಿಸುತ್ತಾರೆ, ನಮ್ಮೂರಿನ ಸಹಕಾರಿ ಸಂಘಗಳ ಆಡಳಿತ ಮಂಡಳಿಯನ್ನು ಸದಸ್ಯರು ಆರಿಸುತ್ತಾರೆ. ಪಕ್ಷದ ಸದಸ್ಯರಿಗೆ ಅಷ್ಟೂ ಹಕ್ಕು ಬೇಡವೇ?

ಕೇಳಬೇಕಾದರೆ ಮೊದಲು ನಮ್ಮ ಹೆಸರು ಪಟ್ಟಿಯಲ್ಲಿರಬೇಕು. 17 ತುಂಬಿದವರು ನಮೂನೆ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಕೊಡಬಹುದು ಎಂದು ಚುನಾವಣಾ ಆಯೋಗ 2022ರಲ್ಲಿ ಪ್ರಕಟಿಸಿದೆ. ಈಗ ಜನವರಿ 1 ಮಾತ್ರವಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳು. ನಮ್ಮ ಉಪನ್ಯಾಸಕರು ಒಂದು ದಿನ ಬಿಡುವು ಮಾಡಿಕೊಟ್ಟರೆ ದ್ವಿತೀಯ ಪಿಯುಸಿಯವರೆಲ್ಲ ಕಾಲೇಜಿನಲ್ಲೇ ಕೂತು ಅರ್ಜಿ ತುಂಬಬಹುದು. ಆಧಾರ್ ಮತ್ತು ಅಂಕಪಟ್ಟಿಯ ಪ್ರತಿ, ಒಂದು ಫೋಟೋ ಮನೆಯಿಂದ ತನ್ನಿ. ಮುಂದೆ ಓಟು ಕೇಳಲು ಬಂದವರ ಬಳಿ ರಸ್ತೆ, ನೀರು ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸೋಣ: "ನಿಮ್ಮನ್ನು ಆರಿಸಿದ್ದು ಯಾರು?"