ಕಾಣೆಯಾದ ಮಕ್ಕಳೂ ಕಂಡೂ ಕಾಣದ ನಾವೂ

ಕಾಣೆಯಾದ ಮಕ್ಕಳನ್ನು ಇನ್ನು ಯಂತ್ರವೇ ಹುಡುಕಿಕೊಡುತ್ತದೆಂದು ಕೆಲವರು ನಿಶ್ಚಿಂತರಾಗಿದ್ದಾರೆ. ಇದನ್ನು ನಾವು ಒಪ್ಪಲಾರೆವು. ಮುಖ ಗುರುತಿಸುವ ಯಂತ್ರದಿಂದ ದಿಲ್ಲಿಯ ಪೋಲೀಸರು 2018ರಲ್ಲಿ ನಾಲ್ಕೇ ದಿನಗಳೊಳಗೆ ಸುಮಾರು 3,000 ಮಕ್ಕಳ ಗುರುತು ಹಚ್ಚಿದರೆಂದು ಸುದ್ದಿ ಬಂತು. ಸಂತೋಷ. ಆದರೆ ತಮ್ಮ ಯಂತ್ರದ ಗುರುತು ನೂರಕ್ಕೆ ಎರಡರಷ್ಟೇ ಸರಿ ಎಂದು ಅದೇ ವರ್ಷ ಅದೇ ಪೋಲೀಸರು ಉಚ್ಚ ನ್ಯಾಯಾಲಯಕ್ಕೆ ತಿಳಿಸಬೇಕಾಯಿತು.

ಯಂತ್ರ ಎರಡು ಚಿತ್ರಗಳನ್ನು ಹೋಲಿಸಬಲ್ಲದು, ಅಷ್ಟೆ. ತಾಯಿ ಕೊಟ್ಟ ಚಿತ್ರ ಠಾಣೆಯಲ್ಲಿ ದಾಖಲಾಗದಿದ್ದರೆ, ಹುಡುಗ ಹೋಟೆಲಿನ ಮೋರಿಯ ಬಳಿ ಕಪ್ಪು-ಬಸಿ ತೊಳೆಯುತ್ತ ಕೂತಿದ್ದರೆ, ಅದು ಏನನ್ನು ಹೋಲಿಸೀತು? ಕಾಣೆಯಾದ ಪ್ರತಿ ಮಗುವಿನ ದೂರನ್ನೂ ದಾಖಲಿಸಿ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ವಿಧಿಸಿದೆ. ‘ನಾಳೆ ಬಾ’ ಎನ್ನುವ ಅಧಿಕಾರ ಯಾವ ಠಾಣೆಗೂ ಇಲ್ಲ. 14 ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರದಿಂದಲೇ ನಿಷಿದ್ಧ.

ಬಂಧುಗಳೇ, ಮಾಲಕರು ಹಿಂಬಾಗಿಲಿನಿಂದ ಹುಡುಗನನ್ನು ಒಳಗೆ ಬಿಟ್ಟುಕೊಂಡದ್ದು ನಮಗೆ ತಿಳಿಯದೆ? ‘ನಮ್ಮ ಊರ ಕಡೆಯವನು, ಪಾಪ, ಉಂಡುಕೊಂಡಿರಲಿ’ ಎಂದು ಸುಮ್ಮನಾಗುವುದು ಕರುಣೆಯಲ್ಲ, ಕಳ್ಳತನಕ್ಕೆ ಕಾವಲು. ಮನೆಯಲ್ಲಿ ಹೇಳದೆ ಬಂದು ಮೋರಿಯ ಬಳಿಯೇ ಬಾಲ್ಯ ಕಳೆದವರು ನಮ್ಮಲ್ಲೂ ಇದ್ದಾರೆ. ಊರಲ್ಲಿ ತಾಯಿ ಅತ್ತದ್ದು ಅವರಿಗೆ ತಿಳಿದದ್ದು ತಡವಾಗಿ.

ಹುಡುಗನ ಹೆಸರು, ಊರು ಕೇಳಿರಿ. 1098ಕ್ಕೆ ಫೋನು ಮಾಡಿರಿ. 1996ರಲ್ಲಿ ಈ ಮುಂಬಯಿಯಲ್ಲೇ ಆರಂಭವಾದ ಸೇವೆ ಅದು. ಹಣ ಬೇಕಿಲ್ಲ, ನಡುರಾತ್ರಿಯಲ್ಲೂ ಕರೆ ತೆಗೆದುಕೊಳ್ಳುತ್ತಾರೆ. ಕೆಲಸ ಹೋದೀತೆಂಬ ಅಂಜಿಕೆಯುಳ್ಳವರು ಸಂಘಕ್ಕೆ ಬನ್ನಿರಿ. ಆ ಫೋನು ನಾವು ಮಾಡುತ್ತೇವೆ.