ಹಳೆಯ ಕ್ಲಾರಿಯೊನೆಟ್ ಕೊಳ್ಳುವ ಮುನ್ನ

ಕಳೆದ ಬೇಸಗೆಯಲ್ಲಿ ನಾನು ಷಿಕಾಗೋ ಬಳಿ ಇರುವ ಮಗಳ ಮನೆಯಲ್ಲಿದ್ದೆ. 14 ವರ್ಷದ ನನ್ನ ಮೊಮ್ಮಗಳು ಅಲ್ಲಿನ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಾಳೆ. ಒಂದು ಸಂಜೆ ಅವಳು ನನ್ನ ಕುರ್ಚಿಯ ಬಳಿಗೆ ಬಂದು, "ತಾತ, ನಿಮಗೆ ಆಲ್ಟೋ ಕ್ಲಾರಿಯೊನೆಟ್ ಗೊತ್ತಾ?" ಎಂದು ಕೇಳಿದಳು. ಎರಡು ಬೀದಿಗಳಾಚೆಯ ವೃದ್ಧೆಯೊಬ್ಬರು ತೀರಿಹೋದ ತಮ್ಮ ಯಜಮಾನರ ವಾದ್ಯವನ್ನು ಮಾರುವರಂತೆ. ಬೆಲೆ 350 ಡಾಲರ್. ನೆರೆಹೊರೆಯ ಮಕ್ಕಳನ್ನು ನೋಡಿಕೊಂಡು ಇವಳು ಕೂಡಿಟ್ಟಿದ್ದುದು 400. ವಾದ್ಯದ ಮೇಲಿನ ಹೆಸರನ್ನು ಯಾರೂ ಕೇಳಿರಲಿಲ್ಲ. ಬ್ಯಾಂಡಿನ ಮೇಷ್ಟರು ರಜೆಯ ಮೇಲೆ ಎಲ್ಲಿಗೋ ಹೋಗಿದ್ದರು. "ತಗೊಳ್ಳಲಾ?" ಎಂದಳು.

ನಮ್ಮ ಮದುವೆಯ ಮೆರವಣಿಗೆಗಳಲ್ಲಿ ವಾಚಕರು ನೋಡಿರುವ ಕ್ಲಾರಿಯೊನೆಟ್ಟಿಗೆ ಈ ಆಲ್ಟೋ ದೊಡ್ಡಕ್ಕನೆನ್ನಬಹುದು. ಅದು ಬಿ ಫ್ಲಾಟ್ ಶ್ರುತಿಯದಾದರೆ ಇದು ಇ ಫ್ಲಾಟ್. ದನಿ ಇನ್ನೂ ತಗ್ಗು, ಇನ್ನೂ ಮೃದು. ಮೇಲ್ಗಡೆ ಬಾಗಿದ ಲೋಹದ ಕೊರಳು, ತುದಿಯಲ್ಲಿ ಮೇಲ್ಮುಖವಾಗಿ ತಿರುಗಿದ ಲೋಹದ ಬಾಯಿ. ಪರ್ಸಿ ಗ್ರೇಂಜರ್ 1937ರಲ್ಲಿ ಬ್ಯಾಂಡಿಗಾಗಿ ರಚಿಸಿದ 'ಲಿಂಕನ್‌ಷೈರ್ ಪೋಸಿ'ಯಲ್ಲಿ ಇದಕ್ಕೆ ಪ್ರತ್ಯೇಕ ಪಾತ್ರವೇ ಉಂಟು. ಈಚೆಗೆ ಅದಕ್ಕೆ ಕೆಲಸ ಕಡಮೆಯಾಗಿದೆ. ಆದ್ದರಿಂದ ಹಳೆಯವು ಅಗ್ಗವಾಗಿ ದೊರೆಯುತ್ತವೆ. ಕೊಂಡು ಮೋಸಹೋದರೆ ಮತ್ತೊಬ್ಬರಿಗೆ ಮಾರುವುದು ಮಾತ್ರ ಕಷ್ಟ.

ಮೊಮ್ಮಗಳ ಪ್ರಶ್ನೆಗೆ ನಾನು ಒಡನೆಯೇ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣ 1961ರಷ್ಟು ಹಳೆಯದು. ಆಗ ನನಗೆ 19 ವರ್ಷ. ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರಲ್ಲಿ, ಬ್ರಿಟಿಷ್ ಪಲ್ಟನ್ನಿನವರು ಬಿಟ್ಟುಹೋದದ್ದೆಂದು ಹೇಳಲಾದ ಕ್ಲಾರಿಯೊನೆಟ್ ಒಂದನ್ನು ಕಾಲೇಜಿನ ಫೀಸಿನ ಹಣ ತೆತ್ತು ಕೊಂಡೆ. ಅದರ ಮೇಲೆ 'ಎಚ್.ಪಿ.' ಎಂಬ ಎರಡಕ್ಷರಗಳಿದ್ದುವು. ಮೋಟಾರಿನ ಅಶ್ವಶಕ್ತಿಯಂತೆ ಇದೂ ಏನೋ ಬಲವನ್ನು ಸೂಚಿಸುವುದೆಂದು ನಾನು ಹಿಗ್ಗಿದೆ! ಅದರ ಅರ್ಥ 'ಹೈ ಪಿಚ್', ಅಂದರೆ ಏರುಶ್ರುತಿ. ಬ್ರಿಟಿಷ್ ಸೈನ್ಯದ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಎ ಸ್ವರವನ್ನು ಸುಮಾರು 452 ಕಂಪನಗಳಿಗೆ ಕಟ್ಟಿಕೊಂಡಿದ್ದುವು. ಉಳಿದವರದು 440ರ ಆಸುಪಾಸು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ಇದನ್ನೇ ಒಪ್ಪಿತು. ಎರಡಕ್ಕೂ ಅಂತರ ಅರೆಸ್ವರದಲ್ಲಿ ಅರ್ಧ. ಕಾಲೇಜಿನ ಬ್ಯಾಂಡಿನಲ್ಲಿ ನಾನು ಊದಿದ ಮೊದಲನೆಯ ಸ್ವರಕ್ಕೇ ಎಲ್ಲರೂ ತಿರುಗಿ ನೋಡಿದರು.

ಕೊರಳನ್ನು ಹೊರಕ್ಕೆಳೆದರೆ ಶ್ರುತಿ ಇಳಿಯದೇ ಎಂದು ಕೇಳಬಹುದು. ಇಳಿಯುತ್ತದೆ, ಆದರೆ ಬಾಯಿಗೆ ಹತ್ತಿರವಿರುವ ರಂಧ್ರಗಳ ಸ್ವರ ಹೆಚ್ಚಾಗಿಯೂ ದೂರದವುಗಳದು ಕಡಮೆಯಾಗಿಯೂ ಇಳಿದು, ಸ್ವರಸ್ವರಗಳ ನಡುವಣ ನಂಟೇ ಕೆಡುತ್ತದೆ. ರಂಧ್ರ ಕೊರೆದ ಸ್ಥಾನವನ್ನು ಯಾವ ಬಡಗಿಯೂ ಬದಲಿಸಲಾರ. ಹಿರಿಯ ವಿದ್ವಾಂಸರೊಬ್ಬರು, "ತಂಬೂರಿಯನ್ನು ಅದಕ್ಕೇ ಸೇರಿಸಿಕೊಂಡು ಒಬ್ಬನೇ ನುಡಿಸಯ್ಯ" ಎಂದು ಹೇಳಿದರು. ಮಾತು ಸರಿಯೇ. ಆದರೆ ನನಗೆ ಬೇಕಾಗಿದ್ದುದು ಸ್ನೇಹಿತರೊಡನೆ ಬ್ಯಾಂಡಿನಲ್ಲಿ ಕೂರುವುದು. ತಂದೆಯವರು ಬಯ್ಯಲಿಲ್ಲ, ಫೀಸನ್ನು ಎರಡನೆಯ ಸಲ ಕಟ್ಟಿದರು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ತಾತ ಮೊಮ್ಮಗಳಿಬ್ಬರೂ ಆ ಮನೆಗೆ ಹೋದೆವು. ವೃದ್ಧೆ ಕಾಫಿ ಕೊಟ್ಟು, ತಮ್ಮವರು ಅದನ್ನು 30 ವರ್ಷ ನುಡಿಸಿದ ಕಥೆಯನ್ನು ಹೇಳಿದರು. ಇಂಥ ವೇಳೆ ಪರೀಕ್ಷೆ ಮಾಡಲು ದಾಕ್ಷಿಣ್ಯ ಬರುತ್ತದೆ. ನಾನು ಬೇಗನೆ ಕಾಫಿ ಮುಗಿಸಿದೆ.

ಹೆಸರಿನ ವಿಚಾರಕ್ಕೆ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಬಫೆ, ಸೆಲ್ಮರ್, ಲೆಬ್ಲಾಂಕ್ ಎಂದಿದ್ದರೆ ಮೂಲವಾದರೂ ತಿಳಿಯುತ್ತದೆ. ಆದರೆ ಫ್ರಾನ್ಸಿನಲ್ಲಿ, ನಾರ್ಮಂಡಿಯ ಲಾ ಕುಟ್ಯೂರ್ ಬುಸ್ಸೆಯಂಥ ಹಳ್ಳಿಗಳಲ್ಲಿ, ಮರದ ವಾದ್ಯಗಳನ್ನು ಮಾಡುವುದೇ ತಲೆಮಾರುಗಳ ಕಸುಬು. ಹೀಗೆ ಬೇರೆಯವರು ಮಾಡಿದ ವಾದ್ಯಗಳ ಮೇಲೆ ಅಮೆರಿಕದ ವರ್ತಕರು ತಮ್ಮ ಹೆಸರನ್ನು ಒತ್ತಿಸಿ ಮಾರುವ ರೂಢಿಯಿತ್ತು. ಒಂದೇ ಹೆಸರಿನಡಿ ಒಳ್ಳೆಯದೂ ಇರಬಹುದು, ಕಳಪೆಯೂ ಇರಬಹುದು.

ಮೊದಲು 'ಎಚ್.ಪಿ.' ಗುರುತನ್ನು ಹುಡುಕಿದೆ. ಇರಲಿಲ್ಲ. ಬೆರಳಿಡುವ ಕ್ರಮ ಬೋಮ್ ಪದ್ಧತಿಯದೇ; ಹಳೆಯ ಆಲ್ಬರ್ಟ್ ಪದ್ಧತಿಯದಾಗಿದ್ದರೆ ಹುಡುಗಿ ಹೊಸದಾಗಿ ಬೆರಳು ಪಳಗಿಸಬೇಕಾಗುತ್ತಿತ್ತು. ಕೊರಳು ಅಲುಗಾಡದೆ ಕೂತಿತು. ಇದನ್ನು ಚೆನ್ನಾಗಿ ನೋಡಬೇಕು: ಆಲ್ಟೋ ಕೊರಳು ಕಳೆದುಹೋಗಿ ಇನ್ನೊಂದನ್ನು ತುರುಕಿದ್ದರೆ ಶ್ರುತಿಯ ಆಸೆಯನ್ನೇ ಬಿಡಬೇಕು.

ಮೇಲಿನ ತುಂಡಿನ ಕಪ್ಪುಮರದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬೆಳಕಿಗೆ ಹಿಡಿದು ಅದರ ಜಾಡನ್ನೇ ಅನುಸರಿಸಿದೆ. ಮೊದಲನೆಯ ರಂಧ್ರಕ್ಕೆ ಬೆರಳಗಲ ಮೊದಲೇ ನಿಂತಿತ್ತು. ರಂಧ್ರವನ್ನು ಸೀಳಿದ್ದರೆ ಎದ್ದು ಬರುತ್ತಿದ್ದೆ. ಕೀಗಳನ್ನು ಒಂದೊಂದಾಗಿ ಹಿಡಿದು ಅಡ್ಡಕ್ಕೆ ಅಲುಗಿಸಿದೆ. ಒಂದೆರಡು ಮಾತ್ರ ಸಡಿಲ. ಬಳಿಕ ಕೆಳಗಿನ ತುಂಡಿನ ರಂಧ್ರಗಳನ್ನೆಲ್ಲ ಮುಚ್ಚಿಸಿ, ತುದಿಗೆ ಅಂಗೈ ಒತ್ತಿ ಗಾಳಿಯನ್ನು ಹೀರಿದೆ, ಬಿಗಿಯಾಗಿ ಹಿಡಿಯಿತು. ಮೇಲಿನದು ಸೋರಿತು. ಒಂದು ಪ್ಯಾಡು ಒಣಗಿ ಹರಿದಿತ್ತು.

ಆ ಕೀಯನ್ನು ನಾನೇ ಒತ್ತಿ ಹಿಡಿದೆ, ಅವಳು ಊದಿದಳು. ತಣ್ಣಗಿರುವ ವಾದ್ಯ ತಗ್ಗಿನಲ್ಲೇ ನುಡಿಯುವುದರಿಂದ ಹತ್ತು ನಿಮಿಷ ಸುಮ್ಮನೆ ಊದಿಸಿ, ಆಮೇಲೆ ಫೋನಿನ ಶ್ರುತಿಮಾಪಕವನ್ನು ಎದುರಿಗಿಟ್ಟೆ. ಆಲ್ಟೋದಲ್ಲಿ ಸಿ ಹಿಡಿದರೆ ಕೇಳಬೇಕಾದುದು ಇ ಫ್ಲಾಟ್. ಎಫ್ ಕೇಳಿಸಿದರೆ ಅದು ಇನ್ನೊಂದು ಬಗೆಯ ಹಳೆಯ ಆಲ್ಟೋ, ಶಾಲೆಯ ಬ್ಯಾಂಡಿಗೆ ಒದಗದು. ಮುಳ್ಳು ಇ ಫ್ಲಾಟಿನ ನಡುವೆಯೇ ನಿಂತಿತು. ನಿಜ ಹೇಳುತ್ತೇನೆ, ನನ್ನ ಕೈ ಸ್ವಲ್ಪ ನಡುಗಿತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಕೊಳಲನ್ನು ಬಲವಾಗಿ ಊದಿದರೆ ಷಡ್ಜಕ್ಕೆ ಮೇಲಿನ ಷಡ್ಜ ಬರುತ್ತದೆ. ಕ್ಲಾರಿಯೊನೆಟ್ಟಿನ ಸ್ವಭಾವವೇ ಬೇರೆ. ಹೆಬ್ಬೆರಳಿನ ಕೀ ಒತ್ತಿದರೆ ಬರುವುದು ತಾರಸ್ಥಾಯಿಯ ಪಂಚಮ. ಕೆಳಗಿನ ಪ್ರತಿಯೊಂದು ಸ್ವರದಿಂದಲೂ ಹೀಗೆ ಮೇಲಕ್ಕೆ ಹಾರಿಸಿ ನೋಡಿದೆವು. ನಾನು ಕೀ ಬಿಟ್ಟಾಗ ಮೇಲಿನದು ಕೀಚೆಂದು ಒಡೆಯಿತು, ಒತ್ತಿದಾಗ ಶುದ್ಧವಾಗಿ ಬಂದಿತು. ಆವರೆಗೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ವೃದ್ಧೆ, "ಆ ಕೀಚಲು ಕೊನೆಗಾಲದಲ್ಲಿ ಅವರ ಉಸಿರಿನ ದೋಷವೆಂದೇ ಎಣಿಸಿದ್ದೆ. ಪಾಪ, ಅವರೂ ಹಾಗೆಯೇ ಎಣಿಸಿದ್ದರು" ಎಂದರು.

ಆಕೆಯ ಒಪ್ಪಿಗೆ ಪಡೆದು ರಿಪೇರಿಯವನಿಗೆ ತೋರಿಸಿದೆವು. ಪ್ಯಾಡುಗಳನ್ನೆಲ್ಲ ಬದಲಿಸಿ ಬಿರುಕು ತುಂಬಲು 280 ಡಾಲರ್ ಎಂದ. ಈ ಲೆಕ್ಕವನ್ನು ಕೊಂಡಮೇಲೆ ಅಲ್ಲ, ಕೊಳ್ಳುವ ಮೊದಲೇ ಕೇಳಬೇಕು. ಚೀಟಿಯನ್ನು ಮುಂದಿಟ್ಟಾಗ ಆಕೆ ತಾವಾಗಿ 225ಕ್ಕೆ ಇಳಿದರು. ನಾನು ಚೌಕಾಸಿ ಮಾಡಲಿಲ್ಲ. ಒಟ್ಟು 505. ಕಡಮೆಬಿದ್ದ 105ನ್ನು ನಾನು ಉಡುಗೊರೆಯಾಗಿ ಕೊಡಲು ಹೋದರೆ ಹುಡುಗಿ ಒಪ್ಪಲಿಲ್ಲ, ಸಾಲವೆಂದೇ ಪಡೆದಳು. ನಾನು ವಿಮಾನ ಹತ್ತುವ ಹೊತ್ತಿಗೆ 20 ಡಾಲರ್ ತೀರಿಸಿದ್ದಳು.