ತಂದವರು ಹಲವರು, ಮರಳಿಸುವವರು ಒಬ್ಬರು

ಹುಕ್ಕೇರಿ ತಾಲ್ಲೂಕಿನ ಕಣಗಲಾದಂಥ ಊರಿನ ಮದುವೆ ಮನೆಗೆ ಪಾತ್ರೆ, ಜಮಖಾನೆ, ಕುರ್ಚಿಗಳು ಸಂಕೇಶ್ವರದಿಂದಲೋ ನಿಪ್ಪಾಣಿಯಿಂದಲೋ ಬಾಡಿಗೆಗೆ ಬಂದಿವೆ ಎಂದುಕೊಳ್ಳೋಣ. ತಂದವರು ಹಲವರು. ಮರಳಿಸುವ ಕೆಲಸವನ್ನೂ ಹಲವರಿಗೆ ಬಿಟ್ಟರೆ ಒಂದು ಕೊಪ್ಪರಿಗೆ ಹಿತ್ತಲಲ್ಲೇ ಉಳಿದೀತು. ಬಾಡಿಗೆ ಏರುತ್ತಲೇ ಹೋದೀತು. ತಿಳಿದವರು ಪಟ್ಟಿಯನ್ನು ಒಬ್ಬ ಹಿರಿಯರ ಕೈಗೆ ಕೊಡುತ್ತಾರೆ. ‘ಸಿ’ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೂ ಇದೇ ಜಾಣತನ ಬೇಕು.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆ ಮೆಮೊರಿಯ ಹೊಣೆಯನ್ನು ಬರೆಯುವವರಿಗೇ ಬಿಡುತ್ತದೆ. ‘ಮ್ಯಾಲಕ್’ ಎಂದು ಕೇಳಿದರೆ ಮೆಮೊರಿಯಲ್ಲಿ ಜಾಗ ಸಿಗುತ್ತದೆ. ಆ ಜಾಗದ ವಿಳಾಸವನ್ನು ಹಿಡಿದಿಡುವುದೇ ‘ಪಾಯಿಂಟರ್’. ಕೆಲಸ ಮುಗಿದ ಮೇಲೆ ‘ಫ್ರೀ’ ಎಂದು ಜಾಗ ಮರಳಿಸಬೇಕು. ಜಾವಾ, ಪೈಥಾನ್‌ಗಳಲ್ಲಿ ಬಳಕೆ ತಪ್ಪಿದ ಜಾಗವನ್ನು ವ್ಯವಸ್ಥೆಯೇ ಹುಡುಕಿ ತೆರವು ಮಾಡುತ್ತದೆ. ಸಿ ಭಾಷೆಯಲ್ಲಿ ಆ ಅನುಕೂಲವಿಲ್ಲ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮವನ್ನೇ ನೋಡಿ. ಮೂರನೆಯ ಸೆಮಿಸ್ಟರಿನ ಡಾಟಾ ಸ್ಟ್ರಕ್ಚರ್ಸ್ ಪ್ರಯೋಗಾಲಯದ ಮೊದಲ ಪ್ರಯೋಗ ವಾರದ ಕ್ಯಾಲೆಂಡರ್. 7 ದಿನಗಳ ಪಟ್ಟಿಗೆ ಒಂದು ಜಾಗ ಕೇಳಬೇಕು. ಪ್ರತಿ ದಿನದ ಹೆಸರಿಗೊಂದು, ಅಂದಿನ ಕೆಲಸದ ವಿವರಕ್ಕೊಂದು ಬೇರೆ ಜಾಗ. ಒಟ್ಟು 1 ಮತ್ತು 14, ಅಂದರೆ 15 ಬಾರಿ ಪಡೆಯಬೇಕು. ಪ್ರಶ್ನೆ ಕೇಳುವುದು ಮೂರು ಫಂಕ್ಷನ್‌ಗಳನ್ನು: ರಚಿಸುವುದು, ಓದುವುದು, ತೋರಿಸುವುದು. ಮರಳಿಸುವ ಫಂಕ್ಷನ್ ಅದರಲ್ಲಿಲ್ಲ. ಜಾಣ ವಿದ್ಯಾರ್ಥಿ ನಾಲ್ಕನೆಯದನ್ನು ತಾನೇ ಸೇರಿಸಬೇಕು.

ಆ ಫಂಕ್ಷನ್‌ನಲ್ಲಿ ಕ್ರಮ ಮುಖ್ಯ. ಮೊದಲು ಒಳಗಿನ 14 ಜಾಗಗಳು, ಕೊನೆಗೆ ಹೊರಗಿನ ಪಟ್ಟಿ. ಪಟ್ಟಿಯನ್ನೇ ಮೊದಲು ಬಿಟ್ಟುಕೊಟ್ಟರೆ ಒಳಗಿನವುಗಳ ವಿಳಾಸವೂ ಕೈತಪ್ಪುತ್ತದೆ. ಒಂದೇ ಜಾಗವನ್ನು ಎರಡು ಬಾರಿ ಮರಳಿಸುವುದೂ ಅಪಾಯ, ಪ್ರೋಗ್ರಾಂ ಕುಸಿಯಬಹುದು. ಆದ್ದರಿಂದ ಪಾಯಿಂಟರ್‌ಗಳಿಗೆ ಆರಂಭದಲ್ಲೂ, ಜಾಗ ಮರಳಿಸಿದ ಮೇಲೂ ‘ನಲ್’ ಎಂದು ಬರೆದಿಡಬೇಕು. ನಲ್ ಪಾಯಿಂಟರನ್ನು ಫ್ರೀಗೆ ಕೊಟ್ಟರೆ ಏನೂ ಆಗದು ಎಂದು ಸಿ ಭಾಷೆಯ ಮಾನಕವೇ ಹೇಳಿದೆ. ಇದರಿಂದ ಇನ್ನೊಂದು ಲಾಭವಿದೆ. ಒಂಬತ್ತನೆಯ ಬಾರಿ ಕೇಳಿದಾಗ ಜಾಗ ಸಿಗದಿದ್ದರೂ ಅದೇ ಫಂಕ್ಷನ್ನನ್ನು ಕರೆದರೆ ಸಾಕು. ಪಡೆದ 8 ಮರಳುತ್ತವೆ, ಉಳಿದವುಗಳ ಗೊಡವೆಯಿಲ್ಲ. ಮುಂದೆ ಕ್ಯಾಲೆಂಡರಿಗೆ ಹೊಸ ಅಂಶ ಸೇರಿದರೆ, ಮರಳಿಸುವ ಸಾಲನ್ನು ಒಂದೇ ಕಡೆ ಸೇರಿಸಿದರಾಯಿತು.

ಪ್ರೋಗ್ರಾಂ ಮುಗಿದೊಡನೆ ಇಂದಿನ ಕಂಪ್ಯೂಟರುಗಳು ಎಲ್ಲ ಮೆಮೊರಿಯನ್ನೂ ತಾವೇ ಹಿಂದಕ್ಕೆ ಪಡೆಯುತ್ತವೆ. ಹಾಗಾಗಿ ಪ್ರಯೋಗಾಲಯದಲ್ಲಿ ಈ ತಪ್ಪು ಕಣ್ಣಿಗೆ ಬೀಳದು. ಹಗಲಿರುಳು ನಡೆಯುವ ಯಂತ್ರದಲ್ಲಿ ಹಾಗಲ್ಲ. 1992ರ ನವೆಂಬರ್ 4ರ ನಸುಕಿನಲ್ಲಿ ಲಂಡನ್ ಆಂಬುಲೆನ್ಸ್ ಸೇವೆಯ ಕಂಪ್ಯೂಟರ್ ಮೊದಲು ನಿಧಾನವಾಗಿ, ಬಳಿಕ ನಿಂತೇಹೋಯಿತು. ಸುಮಾರು ಮೂರು ವಾರಗಳ ಹಿಂದೆ ಮಾಡಿದ ಬದಲಾವಣೆಯೊಂದರಲ್ಲಿ ಲೋಪವಿತ್ತು. ವಾಹನ ಕಳುಹಿಸುವ ಪ್ರತಿ ಆದೇಶಕ್ಕೂ ಚೂರು ಮೆಮೊರಿ ಬಳಕೆಯಾಗಿ, ಮರಳದೆ ಉಳಿಯುತ್ತಿತ್ತು. ಚೂರುಗಳು ಸೇರಿ ಮೆಮೊರಿಯೇ ತುಂಬಿತು. ಭಾಷೆ ಯಾವುದಾದರೂ ಪಾಠ ಒಂದೇ: ಮರಳಿಸುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಬೇಕು.

ವಿದ್ಯಾರ್ಥಿಗಳು ಪ್ರೋಗ್ರಾಂ ನಡೆಯುವಾಗ ಎಷ್ಟು ಬಾರಿ ಜಾಗ ಪಡೆದಂತಾಯಿತು, ಎಷ್ಟು ಬಾರಿ ಮರಳಿಸಿದಂತಾಯಿತು ಎಂದು ಎಣಿಸಿ ನೋಡಲಿ, ಎರಡೂ ಸಮನಾಗಿರಬೇಕು. ಕಂಪ್ಯೂಟರ್ ಓದದ ತಂದೆತಾಯಂದಿರೂ ಈ ಲೆಕ್ಕ ಕೇಳಬಹುದು. ಇನ್ನು ಒಂದು ಪ್ರಶ್ನೆ: ಸರಪಳಿಯಂತೆ ಒಂದರಿಂದ ಇನ್ನೊಂದಕ್ಕೆ ವಿಳಾಸ ಹೊತ್ತ ‘ಲಿಂಕ್ಡ್ ಲಿಸ್ಟ್’ನಲ್ಲಿ ಒಂದು ಕೊಂಡಿಯನ್ನು ಮರಳಿಸುವ ಮೊದಲು ಏನನ್ನು ಬರೆದಿಟ್ಟುಕೊಳ್ಳಬೇಕು? ಉತ್ತರ ಮೇಲಿನ ಕ್ಯಾಲೆಂಡರಿನಲ್ಲೇ ಇದೆ.